ರಾಮೋನ್ ಎಂದು ಹೆಸರಿಟ್ಟರೆ ಸಾಕೇ?

"ಓದೋಕೇ ಬರದವನ ಕೈಗೆ ಸಮುದಾಯ ಭವನ ಕೊಡ್ಬೇಕಾ?"

ನಗರಸಭೆ ಸದಸ್ಯ ಪ್ರೆಂಟಿಸ್ ಮೈಕಿನಲ್ಲೇ ಕೇಳಿದ. ಮುಂದಿನ ಸಾಲು ಕಿಸಕ್ಕನೆ ನಕ್ಕಿತು.

"ನಾನು ಹೇಳ್ತಿಲ್ಲಪ್ಪ! ನಿಮ್ಮ ಪ್ರೊಫೆಸರೇ ಪುಸ್ತಕದಲ್ಲಿ ಬರೆದಿದ್ದಾರೆ. 'ತೋಟದ ಕೂಲಿಗಳ ಸಂಘ ಕಟ್ಟಿದ ರಾಮೋನ್‌ಗೆ ಓದಲು ಬಾರದು' ಅಂತ. ಈ ಊರಲ್ಲಿ ಅಂಥ ಸಂಘ ಕಟ್ಟಿದೋರು ಎಷ್ಟು ಜನ ಇದ್ದಾರೆ?"

ಎಲ್ಲರ ಕಣ್ಣೂ ಸಂಘದ ಮುಖ್ಯಸ್ಥ ಎಲಿಸೆಯೋನ ಮೇಲೆ. ಎಲಿಸೆಯೋನ ಕಣ್ಣು ಮಾತ್ರ ಆ ಪುಸ್ತಕ ಬರೆದ ಮಾರಿಸೆಲಾಳ ಮೇಲೆ...

ಅವಳು ಮನಸ್ಸಿನಲ್ಲೇ ಅಂದುಕೊಂಡಳು: 'ಹೆಸರು ಬದಲಿಸಿದ್ದೆನಲ್ಲ! ಹೊಗಳಿಯೇ ಬರೆದಿದ್ದೆನಲ್ಲ!'

ಸಾರ್ವಜನಿಕ ಆಡಳಿತ ಕಲಿಸುವವಳು ಅವಳು. ಆ ಪುಸ್ತಕದಿಂದಲೇ ವಿಶ್ವವಿದ್ಯಾಲಯದಲ್ಲಿ ಅವಳ ಕೆಲಸ ಖಾಯಂ ಆಗಿತ್ತು. ಹೆಸರು ಬದಲಿಸಿದರೆ ಬರೆದವರ ಪಾಪ ಕಳೆಯಬಹುದು. ಆದರೆ ಒಂದೇ ಬೀದಿಯಲ್ಲಿ ಬದುಕುವವರಿಗೆ ಯಾವ ಮರೆ?

ಮತಕ್ಕೆ ಕೈಗಳು ಎದ್ದವು. ಸಂಘ ಕೇಳಿದ್ದ ಭವನ ಬೇರೆ ಊರಿನ ದೊಡ್ಡ ಸಂಸ್ಥೆಯ ಪಾಲಾಯಿತು.

ಹೊರಗೆ, ಸಂಘದ ಅಡುಗೆ ನೋಡಿಕೊಳ್ಳುವ ಮುದುಕಿ ದೋನ್ಯಾ ಚೆಲೋ ಅಡುಗೆಯ ದೊಡ್ಡ ಪಾತ್ರೆ ಹಿಡಿದು ಮಾರಿಸೆಲಾಳಿಗೆ ಅಡ್ಡ ನಿಂತಳು.

"ನಮ್ಮ ಜೊತೆ ಜೋಳದ ಹಿಟ್ಟು ನಾದ್ತಾ ಕೂರ್ತಿದ್ಯಲ್ಲ, ಮಗಳೇ ಅಂತ ತಮಾಲೆ ಕಡುಬು ಬಡಿಸಿದ್ವಲ್ಲ... ಆಗ್ಲೂ ತಲೇಲಿ ಬರ್ಕೊಳ್ತಾನೇ ಇದ್ಯಾ?"

ಮಾರಿಸೆಲಾ ಅವಳನ್ನು ದಾಟಿ, ಹೊರಟಿದ್ದ ಎಲಿಸೆಯೋನತ್ತ ಓಡಿದಳು.

"ಎಲಿಸೆಯೋ, ನಿಲ್ಲು! ನಿನ್ನ ಒಪ್ಪಿಗೆ ಕೇಳಿದ್ದೆ... ಸಹಿ ಹಾಕಿದ್ಯಲ್ಲ..."

"ಸಹಿ?" ಅವನು ನಕ್ಕ. ಆ ನಗು ಅವಳಿಗೆ ಚಾಟಿಯೇಟಿನಂತೆ ಬಿತ್ತು. "ಓದೋಕೆ ಬರಲ್ಲ ಅಂತ ಗೊತ್ತಿದ್ದೂ ಕಾಗದ ಮುಂದಿಟ್ಟೆ. ಏನಿದು ಅಂದ್ರೆ, 'ಏನಿಲ್ಲ ಕಣೋ, ನಮ್ಮ ಕಾಲೇಜಿನ ಪದ್ಧತಿ' ಅಂದೆ. ನಿನ್ನ ಮುಖ ನೋಡಿ ಗೀಚಿದೆ, ಪ್ರೊಫೆಸರ್!"

"ನಿನ್ನ ಮರ್ಯಾದೆ ಹೆಚ್ಚಲಿ ಅಂತ ಬರೆದೆ..."

"ನಂಗೆ ಓದೋಕೆ ಬರಲ್ಲ ಅಂತ ಅವತ್ತು ಸಂಘದ ಮುಖ್ಯಸ್ಥನಾಗಿ ಹೇಳಿದ್ನಾ? ನಿನ್ನ ಮಡಿಲಲ್ಲಿ ತಲೆ ಇಟ್ಟು ಹೇಳಿದ್ದು. ನನ್ನ ತಾಯಿಗೂ ಹೇಳಿರ್ಲಿಲ್ಲ."

ಅವಳ ಕಣ್ಣೀರು ಕೆನ್ನೆಗಿಳಿಯಿತು. 'ಹೌದು... ಪ್ರೀತಿಸಿದವನನ್ನೇ ಪುಸ್ತಕದ ಅಧ್ಯಾಯ ಮಾಡಿಬಿಟ್ಟೆ!'

"ಪುಸ್ತಕ ವಾಪಸ್ ತೊಗೋತೀನಿ. ಆ ಕೆಲಸಾನೂ ಬೇಡ. ನಾನು ನಿನ್ನನ್ನ ಪ್ರೀತಿಸ್ತೀನಿ, ಎಲಿಸೆಯೋ! ಬೈಯಿ, ಹೊಡಿ... ಒಂದು ಮಾತಾದ್ರೂ ಆಡು!"

ಅವನ ತುಟಿ ಅದುರಿತು. ಅವಳ ಕಣ್ಣಲ್ಲಿ ಆಸೆ ಮಿಂಚಿತು...

ಅವನು ಬಗ್ಗಿ, ಹಿಂದೆಯೇ ಬಂದಿದ್ದ ದೋನ್ಯಾ ಚೆಲೋ ಕೆಳಗಿಟ್ಟ ಭಾರದ ಪಾತ್ರೆಯ ಒಂದು ಬದಿಯ ಹಿಡಿಕೆ ಹಿಡಿದ. ಮುದುಕಿ ಇನ್ನೊಂದನ್ನು ಹಿಡಿದಳು.

ತಿರುಗಿಯೂ ನೋಡದೆ ಅವನು ನಡೆದುಹೋದ.