ಸದ್ದು ಕಿತ್ತ ಮನೆ

“ಆಟಕ್ಕೆ ಮಾಡಿದ್ರೂ ಆಗುತ್ತೆ ಸಾರ್,” ಅಂದ ಗಜೇನ್ ಬೇಜ. “ಬಿತ್ತಿದವನಿಗೆ ನಂಬಿಕೆ ಇದೆಯಾ ಇಲ್ವಾ ಅಂತ ಬೀಜ ಕೇಳುತ್ತಾ?”

ಉದ್ದೀಪ್ತ ಬರಠಾಕುರನಿಗೆ ನಗು ಬಂತು. ಹೊರಗೆ ಮಟಮಟ ಮಧ್ಯಾಹ್ನ. ಮಂತ್ರವಾದಿಯ ಗುಡಿಸಲಿನೊಳಗೆ ಮಾತ್ರ ಕತ್ತಲು ಗವ್ವೆನ್ನುತ್ತಿತ್ತು. ಸುಟ್ಟ ಸಾಸಿವೆ, ಒಣಮೀನು, ಕೊಳೆತ ಸೆಣಬು, ಇವೆಲ್ಲದರ ಅಡಿಯಲ್ಲಿ ಇನ್ನೇನೋ ಒಂದು ಹಸಿ ವಾಸನೆ. ಅವನು ದೋಣಿಯಲ್ಲಿ ಬ್ರಹ್ಮಪುತ್ರ ದಾಟಿ, ಮರಳು ದಿಬ್ಬದ ಮೇಲೆ ಮೂರು ಮೈಲಿ ನಡೆದು ಬಂದದ್ದು ಮಾಟವನ್ನು ನಂಬಿ ಅಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವನು ಅವನು. ಅವನಿಗೆ ಬೇಕಾಗಿದ್ದದ್ದು ನೋಡಿದವರ ಎದೆ ಝಲ್ಲೆನ್ನುವಂಥ ಒಂದು ಗಂಟು, ಅಷ್ಟೇ. ಪಕ್ಕದ ಮನೆಯ ಸೂರಿನಲ್ಲಿ ಸಿಕ್ಕಿಸಿದರೆ ಆ ಹೆಂಗಸರು ಹೆದರಿ, ತಮ್ಮ ಎರಡು ಮಗ್ಗಗಳನ್ನು ಅವನ ಗೋಡೆಯ ಪಕ್ಕದಿಂದ ಎತ್ತಿ ಅಂಗಳದ ಆ ತುದಿಗೆ ಹಾಕಿಕೊಳ್ಳುತ್ತಾರೆ ಎಂಬುದು ಅವನ ಲೆಕ್ಕ.

“ಯಾವ ಸದ್ದು ಅಂತ ಬಿಡಿಸಿ ಹೇಳಿ.”

“ಆ ಮನೇದು. ಎಲ್ಲಾ.”

“ಎಲ್ಲಾನೂ?”

“ಎಲ್ಲಾನೂ, ಕೊಕಾ,” ಎಂದ ಉದ್ದೀಪ್ತ, ಅಜ್ಜನನ್ನು ಕರೆಯುವ ಅಸ್ಸಾಮಿ ಮಾತಿನಲ್ಲಿ. “ಉಳಿಸ್ಕೊಂಡು ಉಪ್ಪಿನಕಾಯಿ ಹಾಕ್ಬೇಕಾ?”

ಮುದುಕ ನಗಲಿಲ್ಲ. “ಸದ್ದು ಸಾಯೋ ಜಾತಿಯಲ್ಲ. ಒಂದು ಮನೆಯಿಂದ ಕಿತ್ತರೆ ಕಿತ್ತವನನ್ನೇ ಹುಡುಕ್ಕೊಂಡು ಬರುತ್ತೆ. ಕಡೇ ದೋಣಿ ಇನ್ನೂ ಇದೆ. ಹೊರಟುಬಿಡಿ.”

“ಸದ್ದು ಅಂದ್ರೆ ಗಾಳಿಯ ಅಲೆ. ಎಂಟನೇ ಕ್ಲಾಸಿನ ಮಕ್ಕಳಿಗೂ ಗೊತ್ತು,” ಎಂದು ಉದ್ದೀಪ್ತ ಜೇಬಿನಿಂದ ಒಂದು ಹಿಡಿ ಸಿಕ್ಕು ನೂಲು ತೆಗೆದು ಮುಂದಿಟ್ಟ. ಬೇಜ ಅದನ್ನು ಮೂಸಿ ನೋಡಿದ. ಮುಖ ಕಿವುಚಿದ. “ಮಗು ಆಡಿದ ನೂಲು ಇದು,” ಎಂದು ಗೊಣಗಿದ. ಆಮೇಲೆ ತುಟಿ ಮಿಡುಕುತ್ತ, ಒಂದೊಂದು ಗಂಟಿಗೂ ಉಸಿರು ಊದುತ್ತ, ಏಳು ಗಂಟು ಹಾಕಿದ.

ಉದ್ದೀಪ್ತನ ಕಿವಿ ಹುಟ್ಟಿನಿಂದ ಹಾಗಿರಲಿಲ್ಲ. ಮೂವತ್ತೆಂಟನೆಯ ವಯಸ್ಸಿನಲ್ಲಿ ಒಂದು ಜ್ವರ ಬಂದು ಹೋಯಿತು. ಅಂದಿನಿಂದ ಚಮಚ ತಟ್ಟೆಗೆ ತಾಗಿದರೆ ಹಲ್ಲಿನ ಬುಡಕ್ಕೆ ಸೂಜಿ ಇಳಿಯುತ್ತಿತ್ತು. ಮೇಲಿನ ಮನೆಯವರು ಕುರ್ಚಿ ಎಳೆದರೆ ಅವನ ಬೆನ್ನುಮೂಳೆಯನ್ನೇ ಎಳೆದಂತಾಗುತ್ತಿತ್ತು. ಗುವಾಹಾಟಿಯ ವೈದ್ಯರು, “ಕಿವಿ ಚೆನ್ನಾಗಿಯೇ ಇದೆ, ಹೊಂದ್ಕೊಳ್ಳಿ,” ಎಂದು ಕೈ ತೊಳೆದುಕೊಂಡರು. ಹೆಂಡತಿ ಮಂಡಕ್ಕಿ ಅಗಿಯುವ ಸದ್ದು ತಾಳಲಾರದೆ ಒಂದು ಸಂಜೆ ಬಟ್ಟಲು ಬೀಸಿ ಒಗೆದ. ಅದು ಅವಳ ಹುಬ್ಬಿಗೆ ಬಡಿಯಿತು. ತವರಿಗೆ ಹೋದವಳು ತಿರುಗಿ ಬರಲಿಲ್ಲ. ಅದರ ಬೆನ್ನಿಗೇ ವರ್ಗವಾಯಿತು, ಅದೂ ಸುವಾಲಕುಚಿಗೆ. ಬೆಳಕು ಹರಿದಲ್ಲಿಂದ ದೀಪ ಹಚ್ಚುವವರೆಗೆ ಮನೆಮನೆಯಲ್ಲೂ ಮಗ್ಗ ಬಡಿಯುವ ಊರಿಗೆ. “ಮಗ್ಗ ಇಲ್ಲದ ಕಡೆ ಮನೆ ಬೇಕಾ?” ಎಂದು ಕಾಲೇಜಿನ ಗುಮಾಸ್ತ ನಕ್ಕಿದ್ದ. “ಹಾಗಾದ್ರೆ ಸ್ಮಶಾನದ ಕಡೆ ವಿಚಾರಿಸ್ಬೇಕು ಸಾರ್.”

ಪಕ್ಕದ ಮನೆ ಕುಂಜಲತಾ ಭರಾಲಿಯದು. ಐವತ್ತೈದರ ವಿಧವೆ. ಮಗಳು ಲಖಿಮಿ, ಅವಳ ಗಂಡ ಅರುಣಾಚಲದ ಕಡೆ ಲಾರಿ ಓಡಿಸುತ್ತಿದ್ದ. ಲಖಿಮಿಯ ಮಗಳು ಜೊನಾಕಿಗೆ ಮೂರು ವರ್ಷ. ತಾಯಿ ಮಗಳಿಬ್ಬರೂ ಅಕ್ಕಪಕ್ಕ ಕೂತು ಮೂಗಾ ರೇಷ್ಮೆ ನೇಯುತ್ತಿದ್ದರು. ಲಾಳಿ ಆ ಕಡೆಗೊಮ್ಮೆ ಟಕ್, ಈ ಕಡೆಗೊಮ್ಮೆ ಟಕ್, ನಡುವೆ ಹಲಗೆಯ ದಡ್. ಅವನ ಹಾಸಿಗೆಗೂ ಆ ಮಗ್ಗಕ್ಕೂ ನಡುವೆ ಇದ್ದದ್ದು ಒಂದೇ ಗೋಡೆ.

ಮೊದಲು ಅಕ್ಕ ಎಂದು ಕರೆದು ಕೈಮುಗಿದೇ ಕೇಳಿದ್ದ. “ಬೈದೇವ್, ಮಧ್ಯಾಹ್ನ ಒಂದೆರಡು ಗಂಟೆ ನಿಲ್ಲಿಸಿದ್ರೆ ದೊಡ್ಡ ಉಪಕಾರ.” ಕುಂಜಲತಾ ಅಯ್ಯೋ ಪಾಪ ಎಂದು ಹತ್ತು ದಿನ ನಿಲ್ಲಿಸಿದಳು ಕೂಡ. ಆಮೇಲೆ ಬಿಹು ಹತ್ತಿರ ಬಂತು. ಊರೆಲ್ಲ ಹೊಸ ಮೇಖಲಾ ಉಡುವ ಹಬ್ಬ, ಮಗ್ಗಕ್ಕೆ ಬಿಡುವಿಲ್ಲ.

“ಹೊಟ್ಟೆಗೆ ಕಿವಿ ಇಲ್ವಲ್ಲ ಸಾರ್. ಹಬ್ಬ ಒಂದು ಕಳೀಲಿ,” ಅಂದಳು ಕುಂಜಲತಾ. ಲಖಿಮಿಯ ಬಾಯಿ ಇನ್ನೂ ಹರಿತ. “ಕಿವಿಗೆ ಹತ್ತಿ ಇಟ್ಕೊಳ್ಳಿ ಸಾರ್! ನಾವೇ ಕೊಡ್ತಿದ್ವಿ, ಏನ್ಮಾಡೋದು, ನಮ್ಮಲ್ಲಿರೋದು ಬರೀ ರೇಷ್ಮೆ!” ಅವರ ಕಿಲಕಿಲ ನಗು ಮಗ್ಗಕ್ಕಿಂತ ಆಳವಾಗಿ ಇರಿಯಿತು.

ಅವನ ನೋವನ್ನು ನಂಬಿದ್ದು ಜೊನಾಕಿಯೊಬ್ಬಳೇ. ಬಿದಿರು ಬೇಲಿಯ ಕಂಡಿಯಲ್ಲಿ ನುಸುಳಿ ಬಂದು, ಅವನ ಜಗಲಿಯ ಮೇಲೆ ತುದಿಗಾಲಲ್ಲಿ ನಡೆದು, ಚಿಕ್ಕಪ್ಪನನ್ನು ಕರೆದಂತೆ “ಖುಡಾ, ಕಿವಿ ಉವ್ವಾ?” ಎಂದು ಪಿಸುಗುಟ್ಟುತ್ತಿದ್ದಳು. ಔಷಧಿ ಎಂದು ಒಂದು ದಿನ ಮಗ್ಗದ ಕೆಳಗೆ ಬಿದ್ದ ಸಿಕ್ಕು ನೂಲನ್ನು ಅವನ ಅಂಗೈಯಲ್ಲಿ ಇಟ್ಟು ಹೋದಳು. ಬೇಜ ಗಂಟು ಹಾಕಿದ್ದು ಆ ನೂಲಿಗೇ.

ಮರುದಿನ ಮಧ್ಯಾಹ್ನ ಮೂವರೂ ನಾಮಘರಕ್ಕೆ ಭಜನೆಗೆ ಹೋದಾಗ ಉದ್ದೀಪ್ತ ಗಂಟನ್ನು ಅವರ ಮಗ್ಗದ ಮೇಲಿನ ಸೂರಿಗೆ ಸಿಕ್ಕಿಸಿ ಬಂದ. ಕಣ್ಣಿಗೆ ಬೀಳುವ ಹಾಗೆಯೇ ಸಿಕ್ಕಿಸಿದ್ದ. ಚೀರಾಟಕ್ಕೆ ಕಾದು ಕೂತ. ಯಾರೂ ಚೀರಲಿಲ್ಲ.

ಬೆಳಿಗ್ಗೆ ಎಚ್ಚರವಾದಾಗ ಬಿಸಿಲು ಏರಿತ್ತು. ಜ್ವರ ಬಂದ ಮೇಲಿನ ಆರು ವರ್ಷಗಳಲ್ಲಿ ಮೊದಲ ಸಲ ಅವನು ಹೊತ್ತೇರುವವರೆಗೆ ಮಲಗಿದ್ದ. ಎಲ್ಲೋ ದೂರದಲ್ಲಿ ಬೇರೆಯವರ ಮಗ್ಗಗಳು ಮಳೆಯಂತೆ ಸದ್ದು ಮಾಡುತ್ತಿದ್ದವು. ಪಕ್ಕದ ಮನೆಯಿಂದ ಏನೂ ಇಲ್ಲ. ಹೆದರಿ ಮಗ್ಗ ಎತ್ತಿದರು ಎಂದು ಖುಷಿಯಾಗಿ ಬೇಲಿಯ ಕಂಡಿಯಲ್ಲಿ ಇಣುಕಿದ.

ಮಗ್ಗಗಳು ಇದ್ದಲ್ಲೇ ಇದ್ದವು. ಕುಂಜಲತಾ ನೇಯುತ್ತಿದ್ದಳು. ಲಾಳಿ ಹಾರುತ್ತಿತ್ತು. ಹಲಗೆ ಬಡಿಯುತ್ತಿತ್ತು. ಸದ್ದು ಇರಲಿಲ್ಲ. ಲಖಿಮಿ ತಾಯಿಯ ಭುಜ ಹಿಡಿದು ಅಲುಗಿಸುತ್ತ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಕಂಚಿನ ಬಟ್ಟಲನ್ನು ಎತ್ತಿ ಕಲ್ಲಿಗೆ ಅಪ್ಪಳಿಸಿದಳು. ಬಟ್ಟಲು ಹಿಟ್ಟಿನ ಮುದ್ದೆಯಂತೆ ಬಿದ್ದು ಉರುಳಿತು.

ಉದ್ದೀಪ್ತ ಬೇಲಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. ಆದರೂ, ದೇವರಾಣೆಗೂ, ಅವನಿಗೆ ಸುಖವಾಯಿತು.

ಆ ಸುಖ ಎಂಟು ದಿನ ಇತ್ತು. ಆ ಎಂಟು ದಿನದಲ್ಲಿ ಆ ಮನೆ ಕುಸಿಯತೊಡಗಿತು. ಬೇರೆಯವರು ಆಡಿದ್ದು ಅವರಿಗೆ ಕೇಳುತ್ತಿತ್ತು. ಅವರು ಆಡಿದ್ದು ಯಾರಿಗೂ, ಸ್ವತಃ ಅವರಿಗೂ, ಕೇಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಗಂಟಲು ನೋಡಿ ಏನೂ ಇಲ್ಲ ಎಂದರು. ನೇಯುವವರಿಗೆ ಎಳೆ ಹರಿದದ್ದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಕಿವಿ ತಪ್ಪಿದ ಮೇಲೆ ಹಾಸು ಹೊಕ್ಕು ಎರಡೂ ತಪ್ಪಿದವು. ಸೀರೆ ಅಂಗಡಿಯವನು ಬಟ್ಟೆಯನ್ನು ಹಿಂದಕ್ಕೆ ಎಸೆದ. ನಾಮಘರದಲ್ಲಿ ಹೆಂಗಸರು ಸರಿದು ಕೂತರು. ಮಗು ಕರೆದರೆ ಕೇಳದಲ್ಲ ಎಂದು ಲಖಿಮಿ ಜೊನಾಕಿಯ ಸೊಂಟಕ್ಕೆ ಹಳೇ ಚಾದರದ ಪಟ್ಟಿ ಸುತ್ತಿ ಮಗ್ಗದ ಕಂಬಕ್ಕೆ ಕಟ್ಟಿ ಹಾಕತೊಡಗಿದಳು.

ಒಂಬತ್ತನೆಯ ದಿನ ಉದ್ದೀಪ್ತ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ. ಟಕ್. ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಟಕ್. ಕಿಟಕಿ ಮುಚ್ಚಿಸಿದ. ದಡ್. ಅದು ಹೊರಗಿನಿಂದ ಬರುತ್ತಿರಲಿಲ್ಲ. ಕಿವಿಯ ಹಿಂದೆ, ತಲೆಬುರುಡೆಯ ಒಳಗೋಡೆಗೆ ತಾಗಿಕೊಂಡು, ಎರಡು ಮಗ್ಗ ಒಟ್ಟಿಗೆ ನಡೆಯುತ್ತಿದ್ದವು. ಅವುಗಳ ಮೇಲೆ ಲಖಿಮಿಯ ಬಿಕ್ಕು, ಕುಂಜಲತಾಳ ಕೆಮ್ಮು, ಸಾಸಿವೆ ಎಣ್ಣೆಯಲ್ಲಿ ಮೀನು ಚಟಪಟಿಸುವುದು, ಜೊನಾಕಿಯ ತೊದಲು ಹಾಡು. ಹತ್ತಿ ಇಟ್ಟರೂ ಅಷ್ಟೇ, ತಲೆಗೆ ಕಂಬಳಿ ಸುತ್ತಿದರೂ ಅಷ್ಟೇ. ಹೊರಗಿನ ಸದ್ದಾದರೆ ಎದ್ದು ಓಡಬಹುದಿತ್ತು.

ಮತ್ತೆ ಹೊಳೆ ದಾಟಿದ.

“ಗಂಟು ಕಿತ್ತುಹಾಕ್ತೀನಿ ಕೊಕಾ. ಸುಟ್ಟುಬಿಡ್ತೀನಿ.”

“ಸುಟ್ರೆ ಬೂದಿಯಾಗುತ್ತೆ, ಅಷ್ಟೇ,” ಅಂದ ಬೇಜ. “ಬಾಯಿಂದ ಕಟ್ಟಿದ್ದನ್ನ ಬಾಯಿಂದಲೇ ಬಿಚ್ಚಬೇಕು. ನಾಮಘರದಲ್ಲಿ, ಜನ ಸೇರಿದಾಗ, ಆ ಹೆಂಗಸರ ಎದುರು ನಿಂತು, ನಾನೇ ಮಾಡ್ಸಿದ್ದು ಅಂತ ಹೇಳಿ. ಸದ್ದು ವಾಪಸ್ ಹೋಗುತ್ತೆ.”

“ಜನ ನನ್ನ ಸಿಗಿದು ಹಾಕ್ತಾರೆ!”

“ಹಾಕಬಹುದು.”

ಹೋದ ವರ್ಷ ಆ ಸೀಮೆಯಲ್ಲೇ ಒಬ್ಬಳನ್ನು ಮಾಟಗಾತಿ ಎಂದು ಊರವರು ದೊಣ್ಣೆಯಿಂದ ಬಡಿದು ಕೊಂದಿದ್ದರು. ಉದ್ದೀಪ್ತ ದೋಣಿಯಲ್ಲಿ ಕೂತು ನಾಳೆ ಹೇಳುತ್ತೇನೆ ಅಂದುಕೊಂಡ. ನಾಳೆ ಬಂದಾಗ ನಾಡಿದ್ದು ಅಂದುಕೊಂಡ. ಬಿಹು ಮುಗಿಯಲಿ ಅಂದುಕೊಂಡ.

ಶನಿವಾರ. ಮಧ್ಯಾಹ್ನ ಕಾಲೇಜು ಮುಗಿಸಿ ಬಂದು ಬಾಗಿಲು ಹಾಕಿ ಮಲಗಿದ್ದ. ಸೆಖೆ. ಹಿತ್ತಿಲ ಕೆರೆಯ ಪಾಚಿ ವಾಸನೆ ಕಿಟಕಿಯಲ್ಲಿ ತೂರಿ ಬರುತ್ತಿತ್ತು. ತಲೆಯೊಳಗೆ ಮಗ್ಗಗಳು ಬಡಿಯುತ್ತಲೇ ಇದ್ದವು. ಅವುಗಳ ನಡುವೆ ಮಗು ಅತ್ತಿತು.

“ಆಈತಾ!” ಅಜ್ಜಿಯನ್ನು ಕರೆಯುವ ಕೂಗು. ಮತ್ತೆ, “ಮಾ!” ಮತ್ತೆ, “ಆಈತಾ!”

ದಿಂಬಿಗೆ ಮುಖ ಒತ್ತಿದ. ದಿನಾ ಇದೇ ರಗಳೆ. ಕಟ್ಟಿಹಾಕಿದ ಮಗು ಅಳದೆ ಇನ್ನೇನು ಮಾಡೀತು? ಕೂಗು ಏರಿತು. ಚೂಪಾಯಿತು. ನಡುನಡುವೆ ಕಡಿದು ಹೋಯಿತು. ಕಡಿದಲ್ಲಿ ಗುಳುಗುಳು ಎಂದಿತು. ಮಗ್ಗ ನಿಲ್ಲಲಿಲ್ಲ. ಟಕ್, ಟಕ್, ದಡ್. ಕೂಗು. ಗುಳುಗುಳು. ಹಲ್ಲು ಕಚ್ಚಿದ. ಕಣ್ಣಲ್ಲಿ ನೀರು ಬಂತು.

“ಖುಡಾ!”

“ಸುಮ್ನಿರೇ!” ಎಂದು ಉದ್ದೀಪ್ತ ಗೋಡೆಗೆ ಗುದ್ದಿ ಅರಚಿದ. “ಸಾಕು! ಬಾಯಿ ಮುಚ್ಚು!”

ಮುಚ್ಚಿತು.

ಉಸ್ಸೆಂದು ಉಸಿರು ಬಿಟ್ಟ. ಅರ್ಧ ಉಸಿರಿನಲ್ಲೇ ಹೊಳೆಯಿತು. ಗುಳುಗುಳು. ನೀರು. ಎದ್ದ. ಚಿಲಕ ಸಿಗಲಿಲ್ಲ. ಸಿಕ್ಕಿತು. ಓಡಿದ. ಬಾಳೆಗಿಡಗಳ ಹಿಂದೆ ಕೆರೆ. ಮೆಟ್ಟಿಲ ಮೇಲೆ ಬಿಚ್ಚಿಕೊಂಡ ಚಾದರದ ಪಟ್ಟಿ. ಹಸಿರು ಪಾಚಿಯಲ್ಲಿ ಒಂದು ಕಪ್ಪು ತೂತು. ಅದು ನಿಧಾನವಾಗಿ ಕೂಡಿಕೊಳ್ಳುತ್ತಿತ್ತು. ಹಾರಿದ. ತಡಕಿದ. ಕೈಗೆ ಕೂದಲು ಸಿಕ್ಕಿತು. ಎಳೆದು ತಂದು ಮೆಟ್ಟಿಲ ಮೇಲೆ ಬೋರಲು ಹಾಕಿ ಒತ್ತಿದ, ಉಜ್ಜಿದ, ಬಾಯಿಗೆ ಬಾಯಿ ಇಟ್ಟು ಊದಿದ. ಪುಟ್ಟ ಹಲ್ಲುಗಳು ತಣ್ಣಗಿದ್ದವು.

ಹತ್ತು ಮಾರು ಆಚೆ ಆ ಮಗುವಿನ ತಾಯಿ ಮತ್ತು ಅಜ್ಜಿ ಬೆನ್ನು ಹಾಕಿ ಕೂತು ನೇಯುತ್ತಿದ್ದರು.

ಸಂಜೆ ಮಣ್ಣು ಮಾಡಿದರು. ಊರವರು ಸುತ್ತ ನಿಂತಿದ್ದರು. ಲಖಿಮಿ ಕುಣಿಯ ಅಂಚಿನಲ್ಲಿ ಬಾಯಿ ತೆರೆದು ಕೂತಿದ್ದಳು. ಸದ್ದಿಲ್ಲ. ಆ ಬಾಯಿಂದ ಹೊರಟದ್ದು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ ಉದ್ದೀಪ್ತನ ತಲೆಯಲ್ಲಿ ಸ್ಫೋಟಿಸಿತು. ಅವನು ಎರಡೂ ಕಿವಿ ಹಿಡಿದು ಮಣ್ಣಿನ ಮೇಲೆ ಬಿದ್ದು ಹೊರಳಾಡಿದ. “ನೋಡ್ರಮ್ಮ,” ಎಂದು ಒಬ್ಬ ಮುದುಕಿ ಪಕ್ಕದವಳಿಗೆ ಹೇಳಿದಳು, “ಹೆತ್ತವಳ ಬಾಯಲ್ಲಿ ಒಂದು ಅಳು ಇಲ್ಲ. ಪಕ್ಕದ ಮನೆಯವರ ಸಂಕಟ ನೋಡಿ.” ಲಖಿಮಿ ಆ ಮಾತನ್ನೂ ಕೇಳಿಸಿಕೊಂಡಳು.

ಬಿಹು ಕಳೆಯಿತು. ಲಖಿಮಿಯನ್ನು ಗಂಡ ಬಂದು ಕರೆದುಕೊಂಡು ಹೋದ. ಮನೆ ಬಿಟ್ಟು ಹೋದರೂ ಅವಳ ಅಳು ಉದ್ದೀಪ್ತನ ಕಿವಿ ಬಿಟ್ಟು ಹೋಗಲಿಲ್ಲ. ಒಂದು ಮಧ್ಯಾಹ್ನ ಕುಂಜಲತಾ ಒಬ್ಬಳೇ ಬೇಲಿಯ ಪಕ್ಕ ನಿಂತು ತನ್ನಷ್ಟಕ್ಕೆ ತಾನೇ ಗೊಣಗಿಕೊಂಡಳು. “ಬೆಂಕಿಪೊಟ್ಟಣ ಎಲ್ಲಿಟ್ಟೆನೋ.”

“ನಿಮ್ಮ ಸೆರಗಿನ ಗಂಟಲ್ಲೇ ಇದೆ ಬೈದೇವ್,” ಅಂದುಬಿಟ್ಟ ಉದ್ದೀಪ್ತ.

ಅಂದ ಮೇಲೆಯೇ ಅರಿವಾಯಿತು, ಆ ಗೊಣಗಾಟ ಬೇರೆ ಯಾರಿಗೂ ಕೇಳುವಂಥದ್ದಲ್ಲ ಎಂದು. ಕುಂಜಲತಾ ಬೇಲಿ ಬಳಸಿ ಬಂದು ಅವನ ಕಾಲ ಬಳಿ ಕುಸಿದಳು.

“ಕೇಳುತ್ತಾ? ಸಾರ್, ನಿಮಗೆ ಕೇಳುತ್ತಾ? ಅಯ್ಯೋ ಪ್ರಭು, ಒಬ್ಬರಿಗಾದ್ರೂ ಕೇಳುತ್ತಲ್ಲ!” ಅವಳು ಅತ್ತಳು. ಎಷ್ಟೋ ಹೊತ್ತು ಅತ್ತಳು. ಒಂದೊಂದು ಬಿಕ್ಕೂ ಅವನ ಕಣ್ಣಿನ ಹಿಂದೆ ಗಾಜಿನ ಚೂರಿನಂತೆ ಇಳಿಯಿತು. ಆಮೇಲೆ ತಲೆ ಎತ್ತಿದಳು. ಅವಳ ಮುಖದಲ್ಲಿ ಹೊಸದೊಂದು ಭಯವಿತ್ತು.

“ಹಾಗಾದ್ರೆ ಅವತ್ತು… ಅವತ್ತು ನೀವು ಮನೇಲೇ ಇದ್ರಲ್ಲ. ಮಗು ಕೂಗಿದ್ಲಾ ಸಾರ್? ನನ್ನ ಕರೆದ್ಲಾ? ನಾನು ಅಲ್ಲೇ ಇದ್ದೆ. ಬೆನ್ನು ಹಾಕ್ಕೊಂಡು ಕೂತಿದ್ದೆ.”

ಗಂಟಲಿನವರೆಗೆ ಬಂತು. ನಾನೇ ಮಾಡ್ಸಿದ್ದು, ಬೈದೇವ್. ಮೂರೇ ಮಾತು. ತುಟಿ ಬಿಚ್ಚಿದ. ಬೀದಿಯಲ್ಲಿ ಯಾರೋ ಸೈಕಲ್ ನಿಲ್ಲಿಸಿ ಇತ್ತ ನೋಡುತ್ತಿದ್ದರು.

“ಇಲ್ಲ,” ಅಂದ. “ಕೂಗಲಿಲ್ಲ. ಕಾಲು ಜಾರಿದ್ದೇ, ನಿದ್ದೆ ಬಂದ ಹಾಗೆ ಹೋಗಿರ್ಬೇಕು.”

ಕುಂಜಲತಾಳ ಭುಜಗಳು ಇಳಿದವು. “ಕಷ್ಟಪಡಲಿಲ್ಲ ಹಾಗಾದ್ರೆ,” ಎಂದು ಅಂಗೈಯನ್ನು ಅವನ ತಲೆಯ ಮೇಲಿಟ್ಟಳು. “ನೂರು ವರ್ಷ ಬಾಳಿ ಸಾರ್. ನಿಮ್ಮ ಕಿವಿ ಹೀಗೇ ಇರಲಿ.”

ಅವಳು ಮರುದಿನವೂ ಬಂದಳು. ಅದರ ಮರುದಿನವೂ. ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕಿದ್ದಳು; ಮಾಡಲು ಬೇರೆ ಕೆಲಸವಿರಲಿಲ್ಲ. ಊಟ ಮುಗಿಸಿ ಬಂದು ಜಗಲಿಯ ಕಂಬಕ್ಕೆ ಒರಗಿ ಕೂತು, ಹೊತ್ತು ಮುಳುಗುವವರೆಗೆ ಅವನ ಹತ್ತಿರ ಮಾತಾಡುತ್ತಾಳೆ. ಎದ್ದು ಹೋಗುವ ಮುನ್ನ ಪ್ರತಿ ದಿನ ಅದನ್ನೇ ಕೇಳುತ್ತಾಳೆ.

“ಇನ್ನೊಂದ್ಸಲ ಹೇಳಿ ಸಾರ್. ಕೂಗಲಿಲ್ಲ ತಾನೇ?”

ಅವನ ಕಿವಿಯಲ್ಲಿ ಜೊನಾಕಿ ಆಗಲೂ ಕೂಗುತ್ತಿರುತ್ತಾಳೆ. ಆ ಕೂಗಿನಲ್ಲಿ ತನ್ನ ದನಿ ತನಗೇ ಕೇಳದೆ, ಉದ್ದೀಪ್ತ ಬೇಕಾದ್ದಕ್ಕಿಂತ ಗಟ್ಟಿಯಾಗಿ ಹೇಳುತ್ತಾನೆ.

“ಇಲ್ಲ ಬೈದೇವ್. ಕೂಗಲೇ ಇಲ್ಲ.”