ಹುಕ್ಕೇರಿಗೆ ಹೋದ ಎರಡು ಪೆಟ್ಟಿಗೆ

ಹುಕ್ಕೇರಿಯಲ್ಲಿ ಹೊಸ ಅಂಗಡಿ ತೆರೆದರೆ ಅದನ್ನು ತಮ್ಮಲ್ಲಿ ದುಡಿಯುವ ಮಹೇಶನ ಕೈಗೇ ಕೊಡುವುದು ಎಂದು ಅಪ್ಪಣ್ಣ ಕಾಕಾ ಒಂಬತ್ತು ವರ್ಷ ಹೇಳಿಕೊಂಡು ಬಂದಿದ್ದರು. ಮೂಡಲಗಿಯ ಅವರ ಕಂಪ್ಯೂಟರ್ ಅಂಗಡಿಯಲ್ಲಿ ಸಂಜೆಯ ಚಹಾ ಬಂದಾಗಲೆಲ್ಲ ಆ ಮಾತೂ ಬರುತ್ತಿತ್ತು. ಕೊನೆಗೆ ಅಂಗಡಿ ತೆರೆಯಿತು. ಗಲ್ಲಾದ ಹಿಂದಿನ ಕುರ್ಚಿಯಲ್ಲಿ ಮಾತ್ರ ಕಾಕಾನ ಅಳಿಯ ಈಶ್ವರ ಕೂತ. ಗೋಕಾಕದವನು, ಮಗಳು ದಾನೇಶ್ವರಿಯ ಗಂಡ, ಲ್ಯಾಪ್‌ಟಾಪಿನ ಹೊಟ್ಟೆಯನ್ನು ಒಮ್ಮೆಯೂ ಬಿಚ್ಚಿ ನೋಡದವನು. ಉದ್ಘಾಟನೆಯ ದಿನ ಕರದಂಟಿನ ಡಬ್ಬಿ ಹಿಡಿದು ಮಹೇಶನ ಮುಂದೆ ನಿಂತು ನಕ್ಕಿದ್ದ. ಆ ನಗೆಯಲ್ಲಿ ಏನಿತ್ತೆಂದು ಮಹೇಶ ಎರಡು ತಿಂಗಳು ತಲೆ ಕೆಡಿಸಿಕೊಂಡ. ಅದು ತನ್ನನ್ನು ಆಡಿಕೊಂಡ ನಗೆಯೇ ಎಂಬ ತೀರ್ಮಾನಕ್ಕೆ ಬಂದ ಮೇಲೆ ಕರದಂಟಿನ ಹೆಸರು ಕೇಳಿದರೂ ಅವನಿಗೆ ಹೊಟ್ಟೆ ಉರಿಯುತ್ತಿತ್ತು.

ಒಮ್ಮೆ ಚಾಡಿ ಹೇಳಿಯೂ ನೋಡಿದ. "ಈಶ್ವರ ಒಂದ ಮಷಿನಿಗೂ ವಿಭೂತಿ ಹಚ್ಚಾಂಗಿಲ್ಲ್ರಿ ಕಾಕಾ. ಮುಚ್ಚಳ ಹೊಲಸಾಗತೈತಿ ಅಂತಾನ."

ಮೂಡಲಗಿಯಲ್ಲಿ ಹಾಗೆ ನಡೆಯುತ್ತಿರಲಿಲ್ಲ. ಯಾವ ಯಂತ್ರವೇ ಇರಲಿ, ಚಾಲೂ ಮಾಡಿ ನೋಡಿ ಮುಚ್ಚಿದ ಮೇಲೆ ಅದಕ್ಕೆ ಮೂರು ಬೆರಳಿನ ವಿಭೂತಿ ಎಳೆದೇ ಗಿರಾಕಿಗೆ ಕೊಡಬೇಕು. ಆ ಕೆಲಸ ಮಹೇಶನದು. ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಅವನ ಬಲಗೈಯ ನಡುಬೆರಳಿನ ತುದಿ ಹೋಗಿತ್ತು.

"ಹೋಗ್ಲಿ ಬಿಡೋ, ಅಂವಗ ಇನ್ನಾ ತಿಳಿವಲ್ದು," ಎಂದು ಕಾಕಾ ನಕ್ಕರು. "ನಿನ್ನ ಮೋಟ ಗೆರಿ ಬಿದ್ರನ ಅದು ನಮ್ಮ ಅಂಗಡಿ ಮಾಲು."

ಮಹೇಶನಿಗೆ ನಗು ಬರಲಿಲ್ಲ. ಮಾತು ಮರೆಸುವುದು ಹೀಗೆಯೇ ಎಂದುಕೊಂಡ.

ದಾರಿ ತಾನಾಗಿ ತೆರೆದದ್ದು ಫೋನಿನಲ್ಲಿ. ಬೆಲ್ಲದ ಬಾಗೇವಾಡಿಯ ಪೂನಮ್ ಮನೆಗಳ ನಕ್ಷೆ ಬರೆದುಕೊಡುವವಳು. ಯಾವ ಲ್ಯಾಪ್‌ಟಾಪು ಕೊಳ್ಳಬೇಕೆಂದು ಹುಕ್ಕೇರಿಯ ಅಂಗಡಿಯಲ್ಲಿ ಸರಿಯಾದ ಉತ್ತರ ಸಿಗದೆ ಮೂಡಲಗಿಗೆ ಫೋನು ಹಚ್ಚಿದ್ದಳು.

"ಎರಡ ಕೋರಿಂದ ತಗೊಳ್ಳೋ, ನಾಕ ಕೋರಿಂದೋ? ಖರೆ ಹೇಳ್ರಿ ಅಣ್ಣಾರ."

"ಬರೇ ಟೈಪ್ ಮಾಡಾಕ ಎರಡ ಸಾಕ್ರಿ ಅಕ್ಕಾರ. ನೀವು ಮೂರು ಅಂತಸ್ತಿನ ಮನಿ ಪರದೆ ಮ್ಯಾಲ ತಿರುವ್ಯಾಡಿಸಿ ನೋಡಾವ್ರು. ಕೋರಂದ್ರ ಮಷಿನಿನ ಮಿದುಳು, ಒಲಿ ಇದ್ದಂಗ. ಎರಡ ಒಲಿ ಮ್ಯಾಲ ಮದವಿ ಅಡಿಗಿ ಆಗಾಂಗಿಲ್ಲ. ನಾಕ ಕೋರಿಂದನ ಇರ್ಲಿ."

ಅದು ಪ್ರಾಮಾಣಿಕ ಸಲಹೆಯೇ ಆಗಿತ್ತು, ಪೂನಮ್ ಹುಕ್ಕೇರಿಯಲ್ಲಿ ನಾಲ್ಕು ಕೋರಿನದಕ್ಕೇ ಹೇಳಿದಳು. ಆದರೆ ಅದೇ ವಾರ ಈಶ್ವರ, ಹೊಲಿಗೆ ಕ್ಲಾಸು ನಡೆಸುವ ಹೆಂಡತಿಗೆಂದು, ಅದೇ ಮಾದರಿಯ ಎರಡು ಕೋರಿನ ಲ್ಯಾಪ್‌ಟಾಪಿಗೆ ಹೇಳಿಕಳಿಸಿದ. ಹುಕ್ಕೇರಿಯ ಮಾಲು ಮೂಡಲಗಿಯ ಮೂಲಕವೇ, ಸೀಲು ಒಡೆಯದೆ ಹೋಗುತ್ತಿತ್ತು. ಶನಿವಾರ ಎರಡೂ ಪೆಟ್ಟಿಗೆ ಮೂಡಲಗಿಗೆ ಬಂದವು. ಒಂದೇ ಗಾತ್ರ, ಒಂದೇ ಬಣ್ಣ, ಒಳಗೆ ಒಂದೇ ಥರದ ಕಪ್ಪು ಮುಚ್ಚಳ. ಹೊರಗಿನ ಚೀಟಿಯ ಒಂದು ಸಾಲು ಮಾತ್ರ ಬೇರೆ. ಮಹೇಶ ಅವುಗಳ ಮುಂದೆ ಬಹಳ ಹೊತ್ತು ನಿಂತ.

ಪೆಟ್ಟಿಗೆಗಳು ಹಾಗೇ ಇರಲಿ, ಒಳಗಿನದು ಅದಲುಬದಲಾಗಲಿ. ಪೂನಮ್‌ಗೆ ಎರಡು ಕೋರು, ದಾನೇಶ್ವರಿಗೆ ನಾಲ್ಕು. ಕೀಲಿಮಣೆಯ ಬದಿಗೆ ಕೋರಿನ ಲೆಕ್ಕ ಹೇಳುವ ಚೀಟಿಗಳನ್ನೂ ಬದಲಿಸಿದರೆ ಬೇಕೆಂದೇ ಮಾಡಿದ ಮೋಸ ಎಂಬುದು ಕುರುಡನಿಗೂ ಕಾಣುತ್ತದೆ. ಈಶ್ವರ ಪೆಟ್ಟಿಗೆಯ ಮೇಲಿನ ನಂಬರನ್ನೇ ಬಿಲ್ಲಿಗೆ ಬರೆದುಕೊಳ್ಳುವ ಸೋಮಾರಿ, ಯಂತ್ರ ಮಗುಚಿ ತಳದ ನಂಬರು ನೋಡುವವನಲ್ಲ. ಪೂನಮ್ ದೂರು ಕೊಟ್ಟ ದಿನ ಅವಳ ಬಿಲ್ಲಿನ ನಂಬರಿನ ಯಂತ್ರ ಈಶ್ವರನ ಮನೆಯಲ್ಲಿ ಸಿಗುತ್ತದೆ. ಲಾಭವೆಲ್ಲ ಈಶ್ವರನಿಗೆ. ಮಹೇಶನಿಗೆ ಒಂದು ಸ್ಕ್ರೂ ಕೂಡ ಸಿಗದ ಕಳ್ಳತನದಲ್ಲಿ ಅವನನ್ನು ಯಾರು ಅನುಮಾನಿಸಬೇಕು? ಕಾಕಾ ಏನನ್ನಾದರೂ ಕ್ಷಮಿಸಿಯಾರು, ಗಿರಾಕಿಗೆ ಮಾಡಿದ ಮೋಸವನ್ನಲ್ಲ. ಹುಕ್ಕೇರಿಯ ಬೀಗದ ಕೈ ಆಮೇಲೆ ಬೇರೆ ಯಾರಿಗೆ ಹೋಗಬೇಕು?

ಭಾನುವಾರ ಮಧ್ಯಾಹ್ನ ಅಂಗಡಿಯ ಷಟರು ಅರ್ಧ ಇಳಿಸಿ ಕೂತ. ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದರೆ ಪೆಟ್ಟಿಗೆಯ ಸೀಲು ಹರಿಯದೆ ಏಳುತ್ತದೆ. ಪೂನಮ್‌ಳ ಪೆಟ್ಟಿಗೆಯನ್ನು ತುಂಬುವಾಗ ಹೊರಗೆ ಬೈಕು ಹೋದರೂ ಷಟರಿನ ಕಡೆ ತಿರುಗಿ ನೋಡುತ್ತಿದ್ದ. ಎರಡನೆಯದರ ಹೊತ್ತಿಗೆ ನಿರಾಳವಾದ. ಆ ಯಂತ್ರವನ್ನು ಒಮ್ಮೆ ಚಾಲೂ ಮಾಡಿ, ಮೊದಲ ಪರದೆಯಲ್ಲೇ ನಾಲ್ಕು ಕೋರು ಎಂದು ಖಾತ್ರಿ ಮಾಡಿಕೊಂಡ. ಬೆರಳಿನ ಗುರುತು ಉಳಿಯದಂತೆ ಸ್ಪಿರಿಟ್ ಬಟ್ಟೆಯಿಂದ ಮೂಲೆಮೂಲೆ ಒರೆಸಿ ಮುಚ್ಚಿದ. ಮನಸ್ಸು ಆಗಲೇ ಹುಕ್ಕೇರಿಯ ಕುರ್ಚಿಯಲ್ಲಿ ಕೂತಿತ್ತು. ಉಳಿದದ್ದನ್ನು ಒಂಬತ್ತು ವರ್ಷ ಪಳಗಿದ ಕೈಗಳೇ ಮುಗಿಸಿದವು. ಸೀಲು ಹಳೆಯ ಜಾಗದಲ್ಲಿ ಕೂದಲೆಳೆಯಷ್ಟೂ ಸರಿಯದೆ ಕೂತಿತು.

ಸೋಮವಾರ ಪೆಟ್ಟಿಗೆಗಳು ಬಸ್ಸಿನಲ್ಲಿ ಹುಕ್ಕೇರಿಗೆ ಹೋದವು. ಒಂದು ವಾರ ಕಳೆಯಿತು, ದೂರು ಬರಲಿಲ್ಲ. ಮಹೇಶನಿಗೆ ಅನ್ನ ಸೇರಲಿಲ್ಲ. ಈಶ್ವರ ಕಂಡುಹಿಡಿದು ಸುಮ್ಮನೆ ತಿರುಗಿ ಬದಲಿಸಿಬಿಟ್ಟನೇ? ಕಾಕಾ ಯಾಕೆ ಬೆಳಿಗ್ಗೆಯಿಂದ ತನ್ನನ್ನು ಹಾಗೆ ನೋಡುತ್ತಿದ್ದಾರೆ? ತಡೆಯಲಾಗದೆ, ವಿಚಾರಿಸಿಕೊಳ್ಳುವವನಂತೆ ಪೂನಮ್‌ಗೆ ಫೋನು ಮಾಡಿದ.

"ಸ್ವಲ್ಪ ತಡಾ ಮಾಡತೈತ್ರಿ," ಎಂದಳು ಪೂನಮ್. "ಆದ್ರ ಟಾಸ್ಕ್ ಮ್ಯಾನೇಜರ್ ತೆರದು ಮಷಿನಿನ ಲೆಕ್ಕ ನೋಡಿದ್ರ ನಾಕ ಚೌಕ ಕಾಣತಾವಲ್ರಿ. ನಾಕ ಕೋರ ಇರಬೇಕು ಅಂತ ಸುಮ್ಮನಾದೆ."

"ಚೌಕ ಎಣಿಸಬ್ಯಾಡ್ರಿ. ಎರಡ ಕೋರಿಂದೂ ಒಮ್ಮೊಮ್ಮೆ ನಾಕ ಚೌಕ ತೋರಸತೈತಿ. ಕೆಳಗ ಕೋರ್ ಅಂತ ಬರದಿರತೈತಿ, ಅದನ್ನ ಓದ್ರಿ."

ಆ ಕಡೆ ಕೀಲಿ ಒತ್ತಿದ ಸದ್ದು ಕೇಳಿಸಿತು. "ಎರಡ ಅಂತ ಐತ್ರಿ," ಎಂದಳು.

ಮರುದಿನ ದೂರು ಬಂತೆಂದು ಕಾಕಾ ಮಹೇಶನನ್ನೂ ಕರೆದುಕೊಂಡು ಹುಕ್ಕೇರಿಗೆ ಹೋದರು. ಅಲ್ಲಿ ಎಲ್ಲವೂ ಮಹೇಶ ಬರೆದಿಟ್ಟಂತೆಯೇ ನಡೆಯಿತು. ಪೂನಮ್ ಯಂತ್ರವನ್ನು ಮಗುಚಿ ಇಟ್ಟಳು, ಬಿಲ್ಲಿನ ನಂಬರಿಗೆ ಅದು ತಾಳೆಯಾಗಲಿಲ್ಲ. ಕಾಕಾನ ಮುಖ ಕಪ್ಪಿಟ್ಟಿತು.

"ದೇವರಾಣಿ ನನಗ ಗೊತ್ತಿಲ್ಲ್ರಿ ಮಾವಾರ," ಎಂದ ಈಶ್ವರ.

"ಅವತ್ತ ಎರಡ ಪೆಟಗಿ ಬಂದಿದ್ವು," ಎಂದು ಮಹೇಶ ಮೆಲ್ಲಗೆ ನೆನಪಿಸಿದ. "ಇನ್ನೊಂದು ಮನ್ಯಾಗ ಐತಲ್ರಿ."

ನಾಲ್ವರೂ ಈಶ್ವರನ ಮನೆಗೆ ಹೋದರು. ದಾನೇಶ್ವರಿ ಕಪಾಟಿನಿಂದ ಪೆಟ್ಟಿಗೆ ತಂದು ತಂದೆಯ ಮುಂದೆ ಇಟ್ಟಳು. "ಬಸವ ಜಯಂತಿಗೆ ತಗದರಾತು ಅಂತ ಹಂಗ ಇಟ್ಟೇನಪ್ಪಾ. ಸೀಲ ಒಡದಿಲ್ಲ."

ಇದನ್ನು ಮಹೇಶ ಎಣಿಸಿರಲಿಲ್ಲ. ಆದರೆ ತಕ್ಷಣ ಸಾವರಿಸಿಕೊಂಡ.

"ಸೀಲ ಎಬ್ಬಿಸಿ ತಿರುಗಿ ಹಚ್ಚೂದು ದೊಡ್ಡ ಮಾತಲ್ಲ್ರಿ ಕಾಕಾ. ನಮ್ಮ ಧಂದೇದಾಗ ಎಲ್ಲಾರಿಗೂ ಬರತೈತಿ. ಕದ್ದ ಮಾಲು ಯಾರ ಹೊರಗ ಇಡ್ತಾರ? ತಗದ ನಂಬರ ನೋಡ್ರಿ."

ಈಶ್ವರ ತಲೆ ತಗ್ಗಿಸಿದ. ದಾನೇಶ್ವರಿ ಗಂಡನನ್ನು ನೋಡಿದ ನೋಟದಲ್ಲೂ ಆಗ ಅನುಮಾನ ಇಣುಕಿತು. ಮಹೇಶನಿಗೆ ಅಷ್ಟು ಸಾಕಾಗಿತ್ತು.

ಕಾಕಾ ಬ್ಲೇಡಿನಿಂದ ಸೀಲು ಕೊಯ್ದು, ಒಳಗಿನ ತೆಳುವಾದ ಬಿಳಿ ಚೀಲವನ್ನು ನಿಧಾನವಾಗಿ ಸರಿಸಿದರು. ಯಂತ್ರವನ್ನು ಅವರು ಮಗುಚಲಿಲ್ಲ, ನಂಬರು ನೋಡಲಿಲ್ಲ. ಮುಚ್ಚಳವನ್ನೇ ನೋಡುತ್ತ ಕೂತರು. ಆಮೇಲೆ ತಲೆ ಎತ್ತದೆ ಕೈ ಚಾಚಿ ಮಹೇಶನ ಬಲಗೈಯನ್ನು ಹಿಡಿದು ಹತ್ತಿರ ಎಳೆದುಕೊಂಡರು. "ಇದ್ಯಾವಾಗ ಹಚ್ಚಿದಿ ಮಹೇಶಾ?" ಎಂದರು. ಕಪ್ಪು ಮುಚ್ಚಳದ ಮೇಲೆ ಒಣಗಿ ಬೆಳ್ಳಗಾದ ಮೂರು ಗೆರೆ ವಿಭೂತಿ ಇತ್ತು. ಮೇಲಿನದೂ ಕೆಳಗಿನದೂ ಉದ್ದಕ್ಕೆ ಹರಿದಿದ್ದವು, ನಡುವಿನದು ಅರ್ಧಕ್ಕೇ ನಿಂತಿತ್ತು.