ಬಂಗಾರಮ್ಮನವರ ಕೊನೆಯ ದೃಶ್ಯ

ಇದು ನಮ್ಮ ಮನೆಯವರಿಗೇ ಆದದ್ದು. ಭದ್ರಾವತಿಯ ಗಾಯಕಿ, ದಿವಂಗತ ಬಂಗಾರಮ್ಮನವರ ಕುರಿತ ಸಂಗೀತ ನಾಟಕದಲ್ಲಿ ನನ್ನ ಮಗಳು ಕವನಳೇ ಬಂಗಾರಮ್ಮ. ಕೊನೆಗೆ ಹಾಡುತ್ತಲೇ ಪ್ರಾಣ ಬಿಡಬೇಕು. ನಿಜವಾಗಿ ಅವರು ಗಂಟಲ ಕಾಯಿಲೆಯಿಂದ ಹತ್ತು ವರ್ಷ ದನಿಯಿಲ್ಲದೆ ಬದುಕಿ ತೀರಿಕೊಂಡವರು.

"ಮಾತಿಲ್ದೆ ಸತ್ರೆ ಚಪ್ಪಾಳೆ ಯಾರು ಹೊಡೀತಾರೆ ಮಾರಾಯ್ತಿ?" ಎಂದು, ನಾನು ಅದನ್ನು ನೆನಪಿಸಿದಾಗ ನಿರ್ದೇಶಕ ಚಂದ್ರಹಾಸ ನಕ್ಕರು.

ನಾಟಕ ನಡೆಯಬೇಕಿದ್ದ ಹಳೆಯ ಕೋಟೆಯಲ್ಲಿ, ರಿಹರ್ಸಲಿನ ವೇಳೆ ಆ ಹಾಡಿಗೆ ಬಂದೊಡನೆ ಕವನಳ ದನಿ ಅಡಗಿತು. ಮೈ ಬೆಚ್ಚಗಿತ್ತು, ಕುತ್ತಿಗೆ ಮಾತ್ರ ತಣ್ಣಗೆ. ಕಷಾಯ ಕುಡಿಸಿದರೂ "ಅಮ್ಮಾ" ಎನ್ನಲಾಗಲಿಲ್ಲ.

"ತುಟಿ ಆಡಿಸು ಸಾಕು" ಎಂದು ಚಂದ್ರಹಾಸ ಬಂಗಾರಮ್ಮನವರದೇ ಹಳೆಯ ಕ್ಯಾಸೆಟ್ ಹಾಕಿದರು. ತಬಲಾ, ಹಾರ್ಮೋನಿಯಂ ಕೇಳಿದವು. ಹಾಡುವವರ ದನಿ ಇರಲಿಲ್ಲ.

ಬೆದರಿದ ಚಂದ್ರಹಾಸ ಹಾಡು ಕೈಬಿಟ್ಟು, ಕೊನೆಯ ದೃಶ್ಯದಲ್ಲಿ ಅವಳನ್ನು ದನಿಯಿಲ್ಲದೆ ಸುಮ್ಮನೆ ಕೂರಿಸಿದರು. ಅಂದು ಮನೆಗೆ ಬಂದೊಡನೆ ಕವನ "ಹಸಿವಾಗ್ತಿದೆ ಅಮ್ಮಾ" ಎಂದಳು.

ಆ ದನಿ ಅವಳದಲ್ಲ, ಕ್ಯಾಸೆಟ್ಟಿನಲ್ಲಿ ಕೇಳದೆ ಹೋದದ್ದು. ಆದರೂ ತಟ್ಟೆ ಹಾಕಿ ಬಡಿಸಿದೆ.